ಗೆದ್ದ ಮರುವರ್ಷ

ಒಂದು ಸಂಜೆ ಮಗ್ರಿಬ್ ನಮಾಝ್ ಮುಗಿದು ಜನರೆಲ್ಲ ಚದುರಿದ ಬಳಿಕ ನಾನು ಮಸೀದಿಯ ಹೊರಜಗಲಿಯಲ್ಲಿ ಕುಳಿತಿದ್ದೆ. ಹಿಂದೆ ನನ್ನ ಬಳಿ ಮದ್ರಸ ಕಲಿತಿದ್ದ ಹುಡುಗನೊಬ್ಬ ಬಂದು ಸಲಾಮ್ ಹೇಳಿ ಪಕ್ಕದಲ್ಲಿ ಕುಳಿತ. ಈಗ ಪಿ.ಯು.ಸಿ. ಓದುತ್ತಿರುವ ಅವನಿಗೆ ಮೋಟಾರ್ ಸೈಕಲ್ ಓಟದ ಹುಚ್ಚು. ಓಡಿಸುವ ಹುಚ್ಚಲ್ಲ, ನೋಡುವ ಹುಚ್ಚು. ಹೊಸ ಓಟ, ಹಳೆಯ ಓಟ ಎಲ್ಲವನ್ನೂ ಫೋನಿನಲ್ಲಿ ನೋಡಿ ಅಂಕಿಅಂಶಗಳನ್ನು ಬಾಯಿಪಾಠ ಮಾಡಿಟ್ಟುಕೊಂಡಿದ್ದಾನೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ: "ಉಸ್ತಾದ್, ಒಂದು ವರ್ಷ ಲೋಕಕ್ಕೇ ಮೊದಲಿಗನಾದ ಸವಾರ ಮರುವರ್ಷ ಒಂದು ಓಟವನ್ನೂ ಗೆಲ್ಲುವುದಿಲ್ಲ. ಅದೇ ಮನುಷ್ಯ, ಅದೇ ಕೈಕಾಲು. ಯಾಕೆ ಹೀಗಾಗುತ್ತದೆ?"

ನಾನು ಹೆಚ್ಚು ಯೋಚಿಸಲಿಲ್ಲ. "ಅಹಂಕಾರ ಮಗೂ. ಗೆದ್ದವನ ತಲೆ ತಿರುಗುತ್ತದೆ. ಅಲ್ಲಾಹನು ಅವನನ್ನು ಕೆಳಗಿಳಿಸುತ್ತಾನೆ" ಎಂದುಬಿಟ್ಟೆ. ಅವನು ತಲೆಯಾಡಿಸಿದ. ಏನೋ ಹೇಳಲು ಬಾಯಿ ತೆರೆದವನು ಹೇಳದೆ ಎದ್ದು ಹೋದ.

ಪ್ರಿಯ ಓದುಗರೇ, ಆ ಉತ್ತರ ನಿಮಗೂ ಸರಿಯೆಂದೇ ತೋರಿರಬಹುದು. ನಮ್ಮ ಪ್ರವಚನಗಳಲ್ಲಿ, ನಮ್ಮ ಮನೆಗಳಲ್ಲಿ, ಬಿದ್ದವನನ್ನು ಕಂಡಾಗ ಮೊದಲು ಬಾಯಿಗೆ ಬರುವ ಮಾತು ಅದೇ ತಾನೇ? ಆದರೆ ಅದು ಅವಸರದ ಉತ್ತರವಾಗಿತ್ತು. ಅಷ್ಟೇ ಅಲ್ಲ, ಅನ್ಯಾಯದ ಉತ್ತರವಾಗಿತ್ತು. ಆ ಮಾತನ್ನು ಹಿಂತೆಗೆದುಕೊಳ್ಳುವ ಸಲುವಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಧಾರ್ಮಿಕ ಮಾಸಿಕದಲ್ಲಿ ಬೈಕ್ ಓಟದ ಮಾತೇಕೆ ಎಂದು ಹಿರಿಯರು ಹುಬ್ಬೇರಿಸುವುದು ಬೇಡ. ಓಟದ ಸ್ಪರ್ಧೆ ಇಸ್ಲಾಮಿಗೆ ಅಪರಿಚಿತವಲ್ಲ. ಪ್ರವಾದಿವರ್ಯರು(ಸ) ಮದೀನಾದಲ್ಲಿ ಕುದುರೆಗಳ ಓಟ ಏರ್ಪಡಿಸಿದ್ದರು. ಪಳಗಿದ ಕುದುರೆಗಳಿಗೆ ದೂರದ ಓಟ, ಪಳಗದವುಗಳಿಗೆ ಹತ್ತಿರದ ಓಟ ಎಂದು ವಿಂಗಡಿಸಿದ್ದರು. ಆ ಓಟದಲ್ಲಿ ಭಾಗವಹಿಸಿದ್ದ ಇಬ್ನು ಉಮರ್(ರ) ಅವರೇ ಇದನ್ನು ವರದಿ ಮಾಡಿದ್ದಾರೆ. ಜೂಜು ನಿಷಿದ್ಧ, ಪ್ರಾಣವನ್ನು ಕೈಯಾರೆ ಅಪಾಯಕ್ಕೆ ನೂಕುವುದೂ ನಿಷಿದ್ಧ. ಆದ್ದರಿಂದ ಹೆದ್ದಾರಿಯಲ್ಲಿ ಬೈಕ್ ಹಾರಿಸುವ ನಮ್ಮ ತರುಣರಿಗೆ ಈ ಲೇಖನದಲ್ಲಿ ಯಾವ ಪ್ರೋತ್ಸಾಹವೂ ಇಲ್ಲ. ನನಗೆ ಇಲ್ಲಿ ಬೇಕಾದುದು ಗೆದ್ದ ಮನುಷ್ಯನೊಬ್ಬನ ಮರುವರ್ಷ ಮಾತ್ರ.

ಹುಡುಗನ ಮನಸ್ಸಿನಲ್ಲಿದ್ದ ಸವಾರ ಅಮೆರಿಕದ ನಿಕಿ ಹೇಡನ್. ಕೆಂಟಕಿ ರಾಜ್ಯದ ಓವೆನ್ಸ್‌ಬರೋ ಎಂಬ ಊರಿನವನು, 1981ರಲ್ಲಿ ಹುಟ್ಟಿದವನು. ತಂದೆಯೂ ಓಟಗಾರ, ಸಹೋದರರೂ ಓಟಗಾರರು. ಮಣ್ಣಿನ ಅಂಕಣದಲ್ಲಿ ಹಿಂದಿನ ಚಕ್ರವನ್ನು ಜಾರಿಸಿಕೊಂಡು ತಿರುವು ದಾಟುವ ವಿದ್ಯೆಯನ್ನು ಬಾಲ್ಯದಲ್ಲೇ ಕಲಿತಿದ್ದ. ಮೋಟೋ ಜಿಪಿ ಎಂಬ ವಿಶ್ವಸ್ಪರ್ಧೆಯಲ್ಲಿ ಹೋಂಡಾ ಕಂಪೆನಿಯ ಪರವಾಗಿ ಓಡುತ್ತಿದ್ದ. ಆ ಸ್ಪರ್ಧೆಯ ಲೆಕ್ಕ ಆಗ ಹೀಗಿತ್ತು: ವರ್ಷವಿಡೀ ಬೇರೆ ಬೇರೆ ದೇಶಗಳಲ್ಲಿ ಓಟಗಳು ನಡೆಯುತ್ತಿದ್ದವು. ಪ್ರತಿ ಓಟದಲ್ಲಿ ಗೆದ್ದವನಿಗೆ 25 ಅಂಕ, ಎರಡನೆಯವನಿಗೆ 20, ಮೂರನೆಯವನಿಗೆ 16, ಹೀಗೆ ಇಳಿಯುತ್ತಾ ಹದಿನೈದನೆಯವನಿಗೆ 1. ವರ್ಷಾಂತ್ಯದಲ್ಲಿ ಒಟ್ಟು ಅಂಕ ಹೆಚ್ಚಿದ್ದವನೇ ವಿಶ್ವವಿಜೇತ.

2006ರಲ್ಲಿ 17 ಓಟಗಳಿದ್ದವು. ಸತತ ಐದು ವರ್ಷ ಪಟ್ಟ ಬಿಟ್ಟುಕೊಡದಿದ್ದ ಇಟಲಿಯ ವ್ಯಾಲೆಂಟಿನೋ ರೊಸ್ಸಿಯ ಎದುರು ಹೇಡನ್ ಗೆದ್ದುದು ಎರಡೇ ಓಟ. ಆದರೆ ಉಳಿದ ಓಟಗಳಲ್ಲಿ ಕೈಬಿಡದೆ ಅಂಕ ಕೂಡಿಸುತ್ತಾ ಮುಂದಿದ್ದ. ಕೊನೆಯ ಓಟಕ್ಕೆ ಮುಂಚಿನದು ಪೋರ್ಚುಗಲ್‌ನ ಎಸ್ಟೋರಿಲ್‌ನಲ್ಲಿ. ಅಲ್ಲಿ ಹೇಡನ್‌ನದೇ ತಂಡದ ಡಾನಿ ಪೆಡ್ರೋಸಾ ತಿರುವಿನಲ್ಲಿ ನುಗ್ಗಿ ಇಬ್ಬರೂ ಬಿದ್ದರು. ಹೊರಗಿನ ಶತ್ರುವಲ್ಲ, ಒಂದೇ ಬಣ್ಣದ ಅಂಗಿಯವನು! ಹೇಡನ್‌ಗೆ ಆ ದಿನ ಅಂಕವೇ ಇಲ್ಲ. ರೊಸ್ಸಿ 8 ಅಂಕ ಮುಂದೆ ಹೋದ. ಎಲ್ಲ ಮುಗಿಯಿತೆಂದು ಜನ ಭಾವಿಸಿದರು.

ಎರಡು ವಾರಗಳ ಬಳಿಕ ಸ್ಪೇನಿನ ವೆಲೆನ್ಸಿಯಾದಲ್ಲಿ ಕೊನೆಯ ಓಟ. ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ ನಿಂತಿದ್ದ ರೊಸ್ಸಿ ಆರಂಭದಲ್ಲೇ ಹಿಂದೆ ಬಿದ್ದ, ಬಳಿಕ ತಿರುವಿನಲ್ಲಿ ಜಾರಿ ಉರುಳಿದ. ಎದ್ದು ಓಡಿ ಹದಿಮೂರನೆಯವನಾಗಿ 3 ಅಂಕ ಪಡೆದ. ಹೇಡನ್ ಮೂರನೆಯವನಾಗಿ 16 ಅಂಕ ಪಡೆದ. ಒಟ್ಟು ಲೆಕ್ಕ 252 ಮತ್ತು 247. ಐದೇ ಅಂಕಗಳಿಂದ ಹೇಡನ್ ವಿಶ್ವವಿಜೇತನಾದ. ಶಿರಸ್ತ್ರಾಣದೊಳಗೆ ಆ ಮನುಷ್ಯ ಮಗುವಿನಂತೆ ಅತ್ತದ್ದನ್ನು ಲೋಕವೇ ನೋಡಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಎಸ್ಟೋರಿಲ್‌ನಲ್ಲಿ ಹೇಡನ್ ಬಿದ್ದ ದಿನ ರೊಸ್ಸಿ ಗೆದ್ದಿರಲಿಲ್ಲ. ಟೋನಿ ಎಲಿಯಾಸ್ ಎಂಬ ಸ್ಪೇನಿನ ಸವಾರ ಗೆರೆಯ ಬಳಿ ಅವನನ್ನು ಹಿಂದಿಕ್ಕಿದ್ದ. ಅಂತರವೆಷ್ಟು ಗೊತ್ತೇ? 0.002 ಸೆಕೆಂಡು. ಸೆಕೆಂಡಿನ ಸಾವಿರದಲ್ಲಿ ಎರಡು ಪಾಲು. ಕಣ್ಣೆವೆ ಬಡಿಯುವುದಕ್ಕೂ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು ಸಮಯ ಬೇಕು. ಒಂದು ವೇಳೆ ಆ ದಿನ ರೊಸ್ಸಿಯೇ ಮೊದಲಿಗನಾಗಿದ್ದರೆ ಅವನಿಗೆ ಇನ್ನೂ 5 ಅಂಕ ಸೇರಿ ವರ್ಷಾಂತ್ಯದಲ್ಲಿ ಇಬ್ಬರೂ 252ರಲ್ಲಿ ಸಮನಾಗುತ್ತಿದ್ದರು. ಸಮನಾದರೆ ಹೆಚ್ಚು ಓಟ ಗೆದ್ದವನಿಗೆ ಪಟ್ಟ. ಅದು ರೊಸ್ಸಿಗೆ ಹೋಗುತ್ತಿತ್ತು. ಅಂದರೆ ಹೇಡನ್‌ನ ಪಟ್ಟ ಉಳಿದದ್ದು, ಅವನು ಬಿದ್ದ ಓಟದಲ್ಲಿ, ಇನ್ನಾರೋ ಮೂರನೆಯವನು, ಸೆಕೆಂಡಿನ ಸಾವಿರದಲ್ಲಿ ಎರಡು ಪಾಲು ಮುಂದೆ ದಾಟಿದ್ದರಿಂದ. ಆ ಮೂರನೆಯವನು ಆ ದರ್ಜೆಯಲ್ಲಿ ತನ್ನ ಜೀವಮಾನದಲ್ಲೇ ಗೆದ್ದದ್ದು ಅದೊಂದೇ ಓಟ!

ಇದನ್ನು ಓದುತ್ತಿದ್ದಾಗ ನನ್ನ ಕೈ ಸ್ವಲ್ಪ ಹೊತ್ತು ನಿಂತಿತು. ತಕ್ದೀರ್, ಅಂದರೆ ವಿಧಿವಿಶ್ವಾಸದ ಬಗ್ಗೆ ಮಕ್ಕಳಿಗೆ ಎಷ್ಟೋ ವರ್ಷಗಳಿಂದ ಪಾಠ ಹೇಳುತ್ತಿದ್ದೇನೆ. ಉದಾಹರಣೆಗೆ ಮಳೆ, ಬೆಳೆ, ಆಯುಸ್ಸು ಎನ್ನುತ್ತಿದ್ದೆ. ಇಷ್ಟು ತೆಳ್ಳಗಿನ ಉದಾಹರಣೆ ನನಗೆ ಸಿಕ್ಕಿರಲಿಲ್ಲ.

ಇನ್ನು ಮರುವರ್ಷ. 2007ರಲ್ಲಿ ಹೇಡನ್‌ನ ಬೈಕಿನ ಮೇಲೆ ವಿಜೇತನಿಗೆ ಸಲ್ಲುವ 1 ಎಂಬ ಅಂಕಿ ಬಂತು. ಅದುವರೆಗೆ ಅವನದು 69. ಅದು ತಂದೆಯ ಹಳೆಯ ಅಂಕಿ. ತಲೆಕೆಳಗಾಗಿ ಬಿದ್ದಾಗಲೂ ಸರಿಯಾಗಿ ಓದಬಹುದು ಎಂದು ಆ ಮನೆಯಲ್ಲಿ ತಮಾಷೆ ಮಾಡುತ್ತಿದ್ದರಂತೆ. ಆ ವರ್ಷ ಹೇಡನ್ ಒಂದು ಓಟವನ್ನೂ ಗೆಲ್ಲಲಿಲ್ಲ. ಒಟ್ಟು ಪಟ್ಟಿಯಲ್ಲಿ ಎಂಟನೆಯವನಾದ. ಆ ಮೇಲೆಯೂ ಮೋಟೋ ಜಿಪಿಯಲ್ಲಿ ಅವನಿಗೆ ಮತ್ತೊಂದು ಗೆಲುವು ಸಿಗಲೇ ಇಲ್ಲ.

ಏನಾಯಿತು? ಮೊದಲನೆಯದಾಗಿ, ಯಂತ್ರವೇ ಬದಲಾಯಿತು. ಆ ವರ್ಷ ನಿಯಮ ಬದಲಿಸಿ 990 ಸಿ.ಸಿ. ಎಂಜಿನ್‌ಗಳನ್ನು 800 ಸಿ.ಸಿ.ಗೆ ಇಳಿಸಿದರು. ಪೆಟ್ರೋಲಿನ ಮಿತಿಯನ್ನೂ 22 ಲೀಟರ್‌ನಿಂದ 21ಕ್ಕೆ ಇಳಿಸಿದರು. ಹಳೆಯ ಬೈಕಿಗೆ ಬಲ ಹೆಚ್ಚು. ತಿರುವಿನಲ್ಲಿ ನಿಧಾನಿಸಿ, ಚಕ್ರ ಜಾರಿಸಿ ತಿರುಗಿಸಿ, ಬಲದಿಂದ ಚಿಮ್ಮಿ ಹೋಗಬಹುದಿತ್ತು. ಮಣ್ಣಿನ ಅಂಕಣದ ಹುಡುಗನಿಗೆ ಹೇಳಿ ಮಾಡಿಸಿದ ಬೈಕ್. ಹೊಸದಕ್ಕೆ ಅಷ್ಟು ಬಲವಿಲ್ಲ. ವೇಗವನ್ನು ಕಳೆದುಕೊಳ್ಳದೆ, ಚಕ್ರ ಜಾರದಂತೆ, ನೂಲು ಹಿಡಿದಂತೆ ತಿರುವು ದಾಟಬೇಕು. ಹೋಂಡಾದವರು ಕಟ್ಟಿದ ಹೊಸ ಬೈಕ್ ಗಾತ್ರದಲ್ಲೂ ಬಲು ಚಿಕ್ಕದು. ಸಣ್ಣ ಮೈಕಟ್ಟಿನ ಪೆಡ್ರೋಸಾನಿಗಾಗಿಯೇ ಕಟ್ಟಿದ್ದಾರೆ ಎಂಬ ಮಾತು ಆಗ ಎಲ್ಲೆಡೆ ಕೇಳಿಬರುತ್ತಿತ್ತು. ಅದೇ ಬೈಕಿನಲ್ಲಿ ಪೆಡ್ರೋಸಾ ಆ ವರ್ಷ ಎರಡನೆಯವನಾದ ಎಂಬುದೂ ನಿಜ. ಹೇಡನ್ ತನ್ನ ವಿದ್ಯೆಯನ್ನು ಮರೆತಿರಲಿಲ್ಲ. ಅವನಿಗೆ ಗೊತ್ತಿದ್ದ ವಿದ್ಯೆಗೆ ಬೆಲೆಯಿಲ್ಲದ ವರ್ಷವೊಂದು ಬಂದಿತ್ತು, ಅಷ್ಟೆ.

ಯಂತ್ರ ಒಂದೇ ಕಾರಣವಲ್ಲ. ದೇಹವೂ ಸೋಲುತ್ತದೆ. ಅಮೆರಿಕದವನೇ ಆದ ಫ್ರೆಡ್ಡಿ ಸ್ಪೆನ್ಸರ್ 1985ರಲ್ಲಿ 250 ಮತ್ತು 500 ಸಿ.ಸಿ. ಎರಡೂ ದರ್ಜೆಗಳ ಪಟ್ಟವನ್ನು ಒಂದೇ ವರ್ಷ ಗೆದ್ದ. 1986ರ ಮೊದಲ ಓಟದಲ್ಲೂ ಮುಂದೆ ಇದ್ದವನು ಕೈನೋವು ತಾಳಲಾರದೆ ನಿಲ್ಲಿಸಿದ. ಆ ಮೇಲೆ ವಿಶ್ವಸ್ಪರ್ಧೆಯ ಒಂದು ಓಟವನ್ನೂ ಅವನು ಗೆಲ್ಲಲಿಲ್ಲ. 2024ರ ವಿಜೇತ ಹೋರ್ಹೆ ಮಾರ್ಟಿನ್ 2025ಕ್ಕೆ ಹೊಸ ಕಂಪೆನಿಗೆ ಸೇರಿ, ಮೊದಲ ಪರೀಕ್ಷಾ ಓಟದ ಮೊದಲ ದಿನವೇ ಬಿದ್ದು, ಮೂಳೆ ಮುರಿದುಕೊಳ್ಳುತ್ತಲೇ ಆ ವರ್ಷದ ಬಹುಭಾಗ ಕಳೆದ. ಇನ್ನೊಂದು ಕಾರಣ, ಉಳಿದವರು. ಗೆದ್ದವನು ಎಲ್ಲಿ ಬ್ರೇಕ್ ಒತ್ತುತ್ತಾನೆ, ಎಲ್ಲಿ ಬಾಗುತ್ತಾನೆ ಎಂಬುದನ್ನು ಚಳಿಗಾಲವಿಡೀ ಕುಳಿತು ಅಭ್ಯಾಸ ಮಾಡಿ ಬರುತ್ತಾರೆ. ಗೆದ್ದವನಿಗೆ ಅಭ್ಯಾಸ ಮಾಡಲು ಅವನಿಗಿಂತ ಮುಂದಿನವನೇ ಇಲ್ಲ.

1 ಎಂಬ ಅಂಕಿಯೇ ಅಪಶಕುನ ಎಂದು ನಂಬುವ ಸವಾರರೂ ಅಭಿಮಾನಿಗಳೂ ಇದ್ದಾರೆ. ನಾವು ಹಾಗೆ ನಂಬುವಂತಿಲ್ಲ. ಶಕುನ ನೋಡುವುದಕ್ಕೆ ಇಸ್ಲಾಮಿನಲ್ಲಿ ಎಡೆಯಿಲ್ಲವೆಂದು ಪ್ರವಾದಿವರ್ಯರು(ಸ) ಸ್ಪಷ್ಟವಾಗಿ ಕಲಿಸಿದ್ದಾರೆ. ಇಟಲಿಯ ಬಾನ್ಯಾಯಾ 2022ರಲ್ಲಿ ಗೆದ್ದು, ಅದೇ 1ನ್ನು ಹೊತ್ತು 2023ರಲ್ಲಿ ಮತ್ತೆ ಗೆದ್ದ. ಅಂಕಿಗೆ ಯಾವ ಶಕ್ತಿಯೂ ಇಲ್ಲ. ಆದರೆ ಅಂಕಿಯನ್ನು ಹೊತ್ತವನ ಮನಸ್ಸಿನಲ್ಲಿ ಅದು ಏನು ಮಾಡುತ್ತದೆ ಎಂಬುದು ಬೇರೆ ಮಾತು.

ಇದನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಗೆಲ್ಲುವ ಮೊದಲು ಸವಾರನ ಮುಂದಿರುವುದು ಪಡೆಯಬೇಕಾದ ವಸ್ತು. ಗೆದ್ದ ಮೇಲೆ ಅವನ ಕೈಯಲ್ಲಿರುವುದು ಕಳೆದುಕೊಳ್ಳಬಹುದಾದ ವಸ್ತು. ನಿನ್ನೆ ಮೂರನೇ ಸ್ಥಾನ ಬಂದರೆ ಅಲ್‌ಹಮ್ದುಲಿಲ್ಲಾಹ್ ಎನ್ನುವಂಥ ಸಂತೋಷ. ಇಂದು ಅದೇ ಮೂರನೇ ಸ್ಥಾನ ಮಾನಭಂಗ. ಸ್ಪೇನಿನ ಮಾರ್ಕ್ ಮಾರ್ಕೆಸ್ 2019ರಲ್ಲಿ 12 ಓಟ ಗೆದ್ದು ವಿಜೇತನಾದ. 2020ರ ಮೊದಲ ಓಟ ಹೆರೆಸ್‌ನಲ್ಲಿ. ಆರಂಭದಲ್ಲೇ ದಾರಿ ತಪ್ಪಿ ಹದಿನಾರನೇ ಸ್ಥಾನಕ್ಕೆ ಇಳಿದ. ಅಲ್ಲಿಂದ ಒಬ್ಬೊಬ್ಬರನ್ನೇ ದಾಟಿ ಮೂರನೇ ಸ್ಥಾನಕ್ಕೆ ಬಂದ. ಬೇರೆ ಯಾರೇ ಆಗಿದ್ದರೂ ಅಷ್ಟಕ್ಕೆ ತೃಪ್ತಿಪಟ್ಟು ಮನೆಗೆ ಹೋಗುತ್ತಿದ್ದರು. ಅವನು ಎರಡನೆಯವನನ್ನು ಬೆನ್ನಟ್ಟುತ್ತಾ ಬಿದ್ದು ಬಲಗೈಯ ತೋಳಮೂಳೆ ಮುರಿದುಕೊಂಡ. ಶಸ್ತ್ರಚಿಕಿತ್ಸೆಯಾಗಿ ನಾಲ್ಕೇ ದಿನಗಳಲ್ಲಿ ಮತ್ತೆ ಬೈಕ್ ಹತ್ತಿದ! ಸಾಧ್ಯವಾಗಲಿಲ್ಲ. ಬಳಿಕ ಮೂಳೆಗೆ ಜೋಡಿಸಿದ ಲೋಹದ ಪಟ್ಟಿ ಮುರಿಯಿತು. ಆ ವರ್ಷವಿಡೀ ಓಡಲಾಗಲಿಲ್ಲ. ಒಟ್ಟು ನಾಲ್ಕು ಶಸ್ತ್ರಚಿಕಿತ್ಸೆಗಳಾದವು. ಮುಂದಿನ ಪಟ್ಟ ಅವನಿಗೆ ಸಿಕ್ಕಿದ್ದು 2025ರಲ್ಲಿ.

ಇದು ಅಹಂಕಾರವೇ? ಸ್ವಲ್ಪ ಇದ್ದೀತು. ಆದರೆ ನನಗೆ ಇದರಲ್ಲಿ ಅಹಂಕಾರಕ್ಕಿಂತ ಹೆಚ್ಚಾಗಿ ಕಾಣುವುದು ಭಯ. ಕೈಯಲ್ಲಿರುವುದು ಜಾರಿಹೋದೀತೆಂಬ ಭಯ. ಮಾಲೀಕನಿಗೆ ಮಾತ್ರ ಬರುವ ಭಯ ಅದು. ಒಬ್ಬರ ಮನೆಯಲ್ಲಿ ಅತಿಥಿಯಾಗಿ ಇಳಿದವನು ಆ ಮನೆಯ ಗೋಡೆ ಬಿರುಕು ಬಿಟ್ಟರೆ ನಿದ್ದೆಗೆಡುವುದಿಲ್ಲ. ಒಂದು ವರ್ಷದ ಮಟ್ಟಿಗೆ ಕೈಗೆ ಬಂದ ಅಮಾನತ್ತನ್ನು ತನ್ನ ಸ್ವಂತ ಆಸ್ತಿಯೆಂದು ತಿಳಿದವನಿಗೇ ಈ ಕಾಯಿಲೆ. 0.002 ಸೆಕೆಂಡಿನ ಲೆಕ್ಕ ನೆನಪಿದ್ದರೆ ಹಾಗೆ ತಿಳಿಯುವುದು ಕಷ್ಟ. ಆದರೆ ಗೆದ್ದವನಿಗೆ ಆ ಲೆಕ್ಕವನ್ನು ಯಾರು ನೆನಪಿಸುತ್ತಾರೆ? ಸುತ್ತ ನಿಂತವರೆಲ್ಲ ನಿನ್ನಿಂದಲೇ ಆಯಿತು ಎನ್ನುತ್ತಾರೆ.

ಪ್ರವಾದಿವರ್ಯರಿಗೆ(ಸ) ಅಲ್‌ಅದ್‌ಬಾ ಎಂಬ ಹೆಣ್ಣೊಂಟೆಯಿತ್ತು. ಓಟದಲ್ಲಿ ಅದನ್ನು ಹಿಂದಿಕ್ಕುವ ಒಂಟೆಯೇ ಇರಲಿಲ್ಲ. ಒಮ್ಮೆ ಮರುಭೂಮಿಯ ಹಳ್ಳಿಗನೊಬ್ಬ ಆಗತಾನೇ ಸವಾರಿಗೆ ಪಳಗಿದ್ದ ಎಳೆಯ ಒಂಟೆಯ ಮೇಲೆ ಬಂದು ಅದನ್ನು ಸೋಲಿಸಿಬಿಟ್ಟ. ಸಹಾಬಿಗಳಿಗೆ ಇದು ಬಹಳ ನೋವಾಯಿತು. ಅವರ ಮುಖದಲ್ಲಿ ಅದನ್ನು ಗುರುತಿಸಿದ ಪ್ರವಾದಿವರ್ಯರು(ಸ), ಈ ಲೋಕದಲ್ಲಿ ಯಾವುದು ಮೇಲೇರಿದರೂ ಅದನ್ನು ಕೆಳಗಿಳಿಸುವುದು ಅಲ್ಲಾಹನ ನಿಯಮವೆಂದು ತಿಳಿಸಿದರು. ಹಝ್ರತ್ ಅನಸ್(ರ) ವರದಿ ಮಾಡಿದ ಈ ಹದೀಸ್ ಸಹೀಹುಲ್ ಬುಖಾರಿಯಲ್ಲಿದೆ.

ಈ ಹದೀಸನ್ನು ನಾನು ಎಷ್ಟೋ ಬಾರಿ ಪಾಠ ಮಾಡಿದ್ದೇನೆ. ಹುಡುಗನಿಗೆ ಅವಸರದಲ್ಲಿ ಉತ್ತರ ಕೊಟ್ಟಾಗಲೂ ನನ್ನ ತಲೆಯಲ್ಲಿ ಇದ್ದದ್ದು ಇದೇ. ಆದರೆ ನಾನು ಇದನ್ನು ತಪ್ಪಾಗಿ ಓದಿದ್ದೆ. ಅಲ್‌ಅದ್‌ಬಾ ಸೋತದ್ದು ಯಾರ ಅಹಂಕಾರದಿಂದ? ಒಂಟೆಗೆ ಅಹಂಕಾರವುಂಟೇ? ಅದರ ಒಡೆಯರಲ್ಲಿ ಅಹಂಕಾರವಿತ್ತೆಂದು ಯೋಚಿಸುವುದಕ್ಕೂ ನಾವು ಅಂಜಬೇಕು. ಯಾವುದು ಏರಿದರೂ ಎಂದರು, ಯಾರು ಸೊಕ್ಕಿದರೂ ಎನ್ನಲಿಲ್ಲ. ಇಳಿಯುವುದು ಏರಿದುದರ ಸ್ವಭಾವ. ಮಧ್ಯಾಹ್ನದ ಸೂರ್ಯ ಇಳಿಯುವುದು ಶಿಕ್ಷೆಯಲ್ಲ, ಹಾಗೆ ಇಳಿದರೇ ಅಸ್ರ್‌ನ ಹೊತ್ತಾಗುವುದು.

ಇದಕ್ಕಿಂತ ದೊಡ್ಡ ಪುರಾವೆ ನಮ್ಮ ಚರಿತ್ರೆಯಲ್ಲೇ ಇದೆ. ಬದ್ರ್ ಯುದ್ಧ ನಡೆದದ್ದು ಹಿಜರಿ 2ರ ರಮಝಾನಿನಲ್ಲಿ. ಮುನ್ನೂರಕ್ಕಿಂತ ಸ್ವಲ್ಪ ಹೆಚ್ಚು ಮಂದಿ, ಸುಮಾರು ಸಾವಿರ ಮಂದಿಯನ್ನು ಗೆದ್ದರು. ಉಹುದ್ ನಡೆದದ್ದು ಹಿಜರಿ 3ರ ಶವ್ವಾಲಿನಲ್ಲಿ. ಅಕ್ಷರಶಃ ಗೆದ್ದ ಮರುವರ್ಷ! ಗುಡ್ಡದ ಮೇಲೆ 50 ಬಿಲ್ಲುಗಾರರನ್ನು ನಿಲ್ಲಿಸಿ, ಏನೇ ಆದರೂ ಕದಲಬಾರದೆಂದು ಆಜ್ಞೆಯಿತ್ತು. ಶತ್ರು ಓಡುವುದನ್ನು ಕಂಡು ಹೆಚ್ಚಿನವರು ಕೆಳಗಿಳಿದರು. ಅಂದು ಇನ್ನೂ ಇಸ್ಲಾಮ್ ಸ್ವೀಕರಿಸದಿದ್ದ ಖಾಲಿದ್ ಬಿನ್ ವಲೀದ್ ಹಿಂದಿನಿಂದ ಬಂದೆರಗಿದರು. ಹಝ್ರತ್ ಹಂಝ(ರ) ಅವರೂ ಸೇರಿ 70 ಮಂದಿ ಹುತಾತ್ಮರಾದರು. ಪ್ರವಾದಿವರ್ಯರ(ಸ) ಮುಖಕ್ಕೆ ಗಾಯವಾಯಿತು, ಹಲ್ಲು ಮುರಿಯಿತು. ಮಾನವರಲ್ಲೇ ಶ್ರೇಷ್ಠರು ಸೋತ ಪಡೆಯ ನಡುವೆ ರಕ್ತ ಒರೆಸಿಕೊಳ್ಳುತ್ತಾ ನಿಂತಿದ್ದರು. ಬಿದ್ದವನೆಲ್ಲ ಅಹಂಕಾರಿ ಎಂಬ ನನ್ನ ಸೂತ್ರವನ್ನು ಉಹುದಿನ ಆ ಬೆಟ್ಟದ ಬಳಿ ಯಾವ ಬಾಯಿಂದ ಹೇಳಲಿ?

ತಪ್ಪು ನಡೆದಿರಲಿಲ್ಲವೆಂದಲ್ಲ. ಪವಿತ್ರ ಕುರ್‌ಆನ್ ಬಿಲ್ಲುಗಾರರ ತಪ್ಪನ್ನು ಮುಚ್ಚಿಡಲಿಲ್ಲ. ಆಲು ಇಮ್ರಾನ್ ಅಧ್ಯಾಯ ಅದನ್ನು ನೇರವಾಗಿಯೇ ಹೇಳುತ್ತದೆ. ಮುಂದೆ ಹಿಜರಿ 8ರಲ್ಲಿ ಮಕ್ಕಾ ವಿಜಯವಾಗಿ ಕೆಲವೇ ವಾರಗಳಲ್ಲಿ ಹುನೈನ್‌ನಲ್ಲಿ 12 ಸಾವಿರದ ಪಡೆ ಮೊದಲು ಚದುರಿದಾಗಲೂ, ನಿಮ್ಮ ಸಂಖ್ಯೆಯನ್ನು ನೋಡಿ ನೀವು ಹಿಗ್ಗಿದ್ದಿರಿ ಎಂದು ತೌಬಾ ಅಧ್ಯಾಯ ಎಚ್ಚರಿಸಿತು. ಅಲ್ಲಿ ಹಿಗ್ಗು ಇತ್ತು, ಸರಿ. ಆದರೆ ಹೃದಯದೊಳಗಿನದನ್ನು ಬಲ್ಲ ಅಲ್ಲಾಹನು ಅದನ್ನು ಹೇಳಿದನು. ಹೃದಯವನ್ನು ನೋಡಲಾರದ ನಾನು ಜಗಲಿಯ ಮೇಲೆ ಕುಳಿತು ಹೇಳುವುದು ಹೇಗೆ? ಉಹುದಿನ ಬಗ್ಗೆ ಹೇಳುವಾಗ ಅದೇ ಆಲು ಇಮ್ರಾನ್ ಇನ್ನೂ ಎರಡು ವಿಷಯಗಳನ್ನು ಹೇಳುತ್ತದೆ. ಒಂದು, ಜಯಾಪಜಯದ ದಿನಗಳನ್ನು ಅಲ್ಲಾಹನು ಜನರ ನಡುವೆ ಸರದಿಯಂತೆ ತಿರುಗಿಸುತ್ತಾನೆ ಎಂಬುದು. ಇನ್ನೊಂದು, ಅಲ್ಲಾಹನ ಕರುಣೆಯಿಂದಲೇ ಪ್ರವಾದಿವರ್ಯರು(ಸ) ಆ ಜನರೊಂದಿಗೆ ಮೃದುವಾಗಿದ್ದರು ಎಂಬುದು. ಅವರನ್ನು ಕ್ಷಮಿಸಬೇಕು, ಅವರಿಗಾಗಿ ಪ್ರಾರ್ಥಿಸಬೇಕು, ಮುಂದಿನ ಕಾರ್ಯಗಳಲ್ಲಿ ಅವರೊಂದಿಗೇ ಸಮಾಲೋಚಿಸಬೇಕು ಎಂದು ಆಜ್ಞೆ ಬಂತು. ನೋಡಿ, ಮರುವರ್ಷ ಸೋತವರನ್ನು ಸಲಹೆ ಕೇಳುವ ಸ್ಥಾನದಲ್ಲಿ ಕೂರಿಸಲಾಯಿತು.

ಇಷ್ಟೆಲ್ಲ ನನಗೆ ಹೊಳೆದದ್ದು ನನ್ನ ಜಾಣತನದಿಂದಲ್ಲ. ಆ ಸಂಜೆಯಾಗಿ ಹತ್ತು ಹದಿನೈದು ದಿನಗಳ ಮೇಲೆ ಹುಡುಗನ ತಾಯಿ ಬಂದರು. ಕೈಯಲ್ಲೊಂದು ನೀರಿನ ಬಾಟಲಿ. ಓದಿ ಊದಿ ಕೊಡಬೇಕಂತೆ. ಮಗನಿಗೆ ಯಾರದೋ ಕಣ್ಣು ಬಿದ್ದಿದೆ ಎಂದು ಕಣ್ಣೀರಿಟ್ಟರು. ಎಸ್.ಎಸ್.ಎಲ್.ಸಿ.ಯಲ್ಲಿ ನಮ್ಮ ಮೊಹಲ್ಲಾದಲ್ಲಿ ಅದುವರೆಗೆ ಯಾರೂ ಪಡೆಯದಷ್ಟು ಅಂಕ ಪಡೆದಿದ್ದವನು ಅವನು. ಪ್ರಥಮ ಪಿ.ಯು.ಸಿ. ವಿಜ್ಞಾನದಲ್ಲಿ ಎರಡು ವಿಷಯಗಳಲ್ಲಿ ಅನುತ್ತೀರ್ಣನಾಗಿದ್ದ. ಮನೆಯಲ್ಲಿ ಮಾತು ನಿಲ್ಲಿಸಿದ್ದ. ರಾತ್ರಿಯಿಡೀ ಫೋನಿನಲ್ಲಿ ಬೈಕುಗಳನ್ನೇ ನೋಡುತ್ತಿದ್ದ.

ಆಗ ನನಗೆ ಅವನ ಪ್ರಶ್ನೆ ಕೇಳಿಸಿತು. ಒಂದು ಓಟವನ್ನೂ ಗೆಲ್ಲುವುದಿಲ್ಲ, ಅದೇ ಮನುಷ್ಯ, ಅದೇ ಕೈಕಾಲು ಎಂದು ಅವನು ಕೇಳಿದ್ದು ಅಮೆರಿಕದವನ ಬಗ್ಗೆ ಮಾತ್ರವಾಗಿರಲಿಲ್ಲ. ಅದಕ್ಕೆ ನಾನು ಅಹಂಕಾರ ಎಂದು ಉತ್ತರಿಸಿದ್ದೆ. ಅಲ್ಲಾಹನು ಕೆಳಗಿಳಿಸುತ್ತಾನೆ ಎಂದೂ ಸೇರಿಸಿದ್ದೆ.

ಕಣ್ಣೇಟು ಸತ್ಯವೆಂದು ಹದೀಸಿನಲ್ಲಿದೆ, ಅದನ್ನು ಅಲ್ಲಗಳೆಯುವವನು ನಾನಲ್ಲ. ಫಾತಿಹಾ ಓದಿ ಊದಿ ಕೊಟ್ಟೆ. ಆದರೆ ಆ ತಾಯಿಗೆ ಹೇಳಿದೆ: ನಿಮ್ಮ ಮಗನ ಬೈಕ್ ಬದಲಾಗಿದೆ. ಅವರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ. ಹತ್ತು ವರ್ಷ ಕನ್ನಡದಲ್ಲಿ ಕಲಿತ ಹುಡುಗ. ವೇಗೋತ್ಕರ್ಷ ಎಂದರೆ ಏನೆಂದು ಮಲಗಿದ್ದವನನ್ನು ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ. ಒಂದೇ ಬೇಸಿಗೆಯಲ್ಲಿ ಅದು ಆಕ್ಸಿಲರೇಷನ್ ಆಯಿತು. ತಿಳಿದಿದ್ದ ವಿಷಯವೇ ತಿಳಿಯದ ಮುಖ ಹೊತ್ತು ಬಂತು. ತರಗತಿಯಲ್ಲಿ ಅವನು ಕೈಯೆತ್ತಿ ಕೇಳಬಹುದಿತ್ತು. ಸಾಧಾರಣ ಅಂಕದ ಹುಡುಗನಾಗಿದ್ದರೆ ಕೇಳುತ್ತಿದ್ದ. ಆದರೆ ಅವನ ಮೇಲೆ 1 ಎಂದು ಬರೆದಿತ್ತು.

ಅದನ್ನು ಬರೆದವರು ಯಾರು? ನಾವು. ಮಸೀದಿಗೆ ಹೋಗುವ ರಸ್ತೆಯ ತಿರುವಿನಲ್ಲಿ ಅವನ ಮುಖದ ಫ್ಲೆಕ್ಸ್ ಕಟ್ಟಿದೆವು. ಜಮಾಅತಿನ ಸಭೆಯಲ್ಲಿ ಶಾಲು ಹೊದಿಸಿ ಫಲಕ ಕೊಟ್ಟೆವು. ಮುಂದೆ ಡಾಕ್ಟರಾಗುವ ಹುಡುಗ ಎಂದು ಒಬ್ಬರು ಭಾಷಣ ಮಾಡಿದರು. ಸಮುದಾಯದ ಮಾನ ಉಳಿಸಿದವನು ಎಂದು ಇನ್ನೊಬ್ಬರು. ಆ ಇನ್ನೊಬ್ಬರು ನಾನೇ. ಹದಿನಾರು ವರ್ಷದ ಹೆಗಲ ಮೇಲೆ ಒಂದು ಸಮುದಾಯದ ಮಾನವನ್ನು ಇಟ್ಟು ಕೆಳಗಿಳಿದು ಬಿರಿಯಾನಿ ಉಂಡೆ.

ಮಕ್ಕಳನ್ನು ಅಭಿನಂದಿಸಬಾರದೆಂದು ನಾನು ಹೇಳುತ್ತಿಲ್ಲ. ಅಭಿನಂದಿಸುವ ಕ್ರಮವೊಂದನ್ನು ಅಲ್ಲಾಹನು ಕಲಿಸಿದ್ದಾನೆ ಎನ್ನುತ್ತಿದ್ದೇನೆ. ಅನ್ನಸ್ರ್ ಎಂಬ ಪುಟ್ಟ ಅಧ್ಯಾಯ ನಮ್ಮಲ್ಲಿ ಯಾರಿಗೆ ಬಾಯಿಪಾಠವಿಲ್ಲ? ಜಯ ಬಂದಾಗ, ಜನರು ಗುಂಪುಗುಂಪಾಗಿ ಸೇರುವುದನ್ನು ಕಂಡಾಗ, ಮಾಡಬೇಕಾದುದು ಪ್ರಭುವಿನ ಸ್ತುತಿ ಮತ್ತು ಪಾಪವಿಮೋಚನೆಯ ಬೇಡಿಕೆ ಎಂದು ಅದು ಕಲಿಸುತ್ತದೆ. ಗೆದ್ದ ಹೊತ್ತಿನಲ್ಲಿ ಕ್ಷಮೆ ಯಾಚಿಸುವುದೇಕೆ ಎಂದು ಚಿಕ್ಕಂದಿನಲ್ಲಿ ನಾನು ನನ್ನ ಉಸ್ತಾದರನ್ನು ಕೇಳಿದ್ದೆ. ದೊಡ್ಡವನಾದ ಮೇಲೆ ಅರ್ಥವಾದೀತು ಎಂದಿದ್ದರು. ಈಗ ಸ್ವಲ್ಪ ಅರ್ಥವಾದಂತಿದೆ. ಗೆಲುವಿನಲ್ಲಿ ನಮ್ಮದಲ್ಲದ ಪಾಲು ಎಷ್ಟಿತ್ತೆಂದು ನಮಗೆ ತಿಳಿಯದು. ತಿಳಿಯದೆಯೇ ಎಲ್ಲವನ್ನೂ ನಮ್ಮ ಲೆಕ್ಕಕ್ಕೆ ಬರೆದುಕೊಂಡಿರುತ್ತೇವೆ. ಹಾಗೆ ಬರೆದುಕೊಂಡದ್ದಕ್ಕೆ ಆ ಕ್ಷಮಾಯಾಚನೆ. ಮಕ್ಕಾ ಪ್ರವೇಶಿಸಿದ ದಿನ ಪ್ರವಾದಿವರ್ಯರ(ಸ) ಶಿರವು ಒಂಟೆಯ ಮೇಲೆ ಎಷ್ಟು ಬಾಗಿತ್ತೆಂದರೆ ಗಡ್ಡವು ತಡಿಯನ್ನು ಮುಟ್ಟುವಂತಿತ್ತು ಎಂದು ಚರಿತ್ರೆಕಾರರು ಬರೆದಿದ್ದಾರೆ. ಹಾಗೆ ತಲೆಬಾಗಿ ಒಳಗೆ ಹೋದವನಿಗೆ ಮರುವರ್ಷದ ಭಯವೆಲ್ಲಿಂದ?

ಹೇಡನ್ ನಮ್ಮ ಧರ್ಮದವನಲ್ಲ, ಅವನ ಅಂತರಂಗ ನನಗೆ ತಿಳಿಯದು. ಹೊರಗೆ ಕಂಡದ್ದನ್ನು ಮಾತ್ರ ಹೇಳಬಲ್ಲೆ. 2007 ಮುಗಿದ ಮೇಲೆ ಅವನು 1ನ್ನು ಬಿಟ್ಟು ತಂದೆಯ 69ಕ್ಕೆ ಮರಳಿದ. ಗೆಲುವಿಲ್ಲದಿದ್ದರೂ 2015ರವರೆಗೂ ಮೋಟೋ ಜಿಪಿಯಲ್ಲಿ ಓಡುತ್ತಲೇ ಇದ್ದ. ಬಳಿಕ ಸೂಪರ್‌ಬೈಕ್ ಎಂಬ ಇನ್ನೊಂದು ಸ್ಪರ್ಧೆಗೆ ಹೋಗಿ, 2016ರಲ್ಲಿ ಮಲೇಶಿಯಾದ ಸೆಪಾಂಗ್‌ನಲ್ಲಿ, ಒದ್ದೆ ರಸ್ತೆಯಲ್ಲಿ ಒಂದು ಓಟ ಗೆದ್ದ. 2017ರ ಮೇ ತಿಂಗಳಲ್ಲಿ ಇಟಲಿಯ ರಿಮಿನಿ ಬಳಿ ಬೈಸಿಕಲ್ ತುಳಿಯುತ್ತಾ ಹೋಗುತ್ತಿದ್ದಾಗ ಕಾರು ಬಡಿದು, ಐದು ದಿನಗಳ ಬಳಿಕ ತೀರಿಕೊಂಡ. ಆಗ ಅವನಿಗೆ 35 ವರ್ಷ. 2019ರಲ್ಲಿ ಮೋಟೋ ಜಿಪಿಯವರು 69 ಎಂಬ ಅಂಕಿಯನ್ನು ಇನ್ನಾರಿಗೂ ಕೊಡುವುದಿಲ್ಲವೆಂದು ಎತ್ತಿಟ್ಟರು. ಅವನ ಹೆಸರಿನಲ್ಲಿ ಅವರು ಎತ್ತಿಟ್ಟದ್ದು ಆ ಹಳೆಯ ಅಂಕಿಯನ್ನು, ಗೆದ್ದ ಬಳಿಕ ಸಿಕ್ಕ 1ನ್ನಲ್ಲ.

ನಾನು ಹುಡುಗನ ಮನೆಗೆ ಹೋದೆ. ಉಸ್ತಾದರು ಮನೆಗೆ ಬಂದರೆಂದು ಅವನಿಗೆ ಗಾಬರಿ. ನನ್ನ ಉತ್ತರ ತಪ್ಪಾಗಿತ್ತು, ನಿನ್ನಲ್ಲಿ ಕ್ಷಮೆ ಕೇಳಲು ಬಂದಿದ್ದೇನೆ ಎಂದೆ. ಇಂಥ ಮಾತು ಹೇಳಿ ನನಗೂ ಅಭ್ಯಾಸವಿಲ್ಲ, ಕೇಳಿ ಅವನಿಗೂ ಅಭ್ಯಾಸವಿಲ್ಲ. ಇಬ್ಬರೂ ನೆಲ ನೋಡುತ್ತಾ ಕುಳಿತೆವು. ಬಳಿಕ ಅಲ್‌ಅದ್‌ಬಾದ ಕಥೆ ಹೇಳಿದೆ, ಉಹುದಿನ ಮರುದಿನಗಳ ಬಗ್ಗೆ ಹೇಳಿದೆ. ಫ್ಲೆಕ್ಸ್ ಬಿಚ್ಚಿಸುವುದಾಗಿಯೂ ಹೇಳಿದೆ. ಮಳೆಗೆ ಅದರ ಬಣ್ಣ ಅಷ್ಟರಲ್ಲೇ ಅರ್ಧ ಹೋಗಿತ್ತು.

ಈಗ ಅವನು ಅನುತ್ತೀರ್ಣವಾದ ಎರಡು ವಿಷಯಗಳನ್ನು ಮತ್ತೆ ಓದುತ್ತಿದ್ದಾನೆ. ಸಂಜೆ ಮಸೀದಿಯ ಜಗಲಿಗೆ ಪುಸ್ತಕ ತರುತ್ತಾನೆ. ನಾನು ಕನ್ನಡ ಬಿ.ಎ. ಓದಿದವನು, ನನಗೆ ಭೌತಶಾಸ್ತ್ರ ಬಾರದು. ಇಂಗ್ಲಿಷ್ ಪದಕ್ಕೆ ಅವನ ಹಳೆಯ ಪುಸ್ತಕದಲ್ಲಿದ್ದ ಕನ್ನಡ ಪದ ಯಾವುದೆಂದು ಹುಡುಕಿ ಪಕ್ಕದಲ್ಲಿ ಬರೆಯುವಷ್ಟು ಮಾತ್ರ ನನ್ನ ಕೆಲಸ. ಮೊನ್ನೆ ಬರೆಯುವುದನ್ನು ನಿಲ್ಲಿಸಿ ಕೇಳಿದ: "ಉಸ್ತಾದ್, ಆ ಹಳ್ಳಿಗನ ಎಳೆಯ ಒಂಟೆ ಇತ್ತಲ್ಲ, ಅದು ಮರುವರ್ಷ ಏನಾಯಿತು?"

ಈ ಸಲ ನಾನು ಅವಸರ ಮಾಡಲಿಲ್ಲ. ಅದು ವರದಿಯಲ್ಲಿ ಇಲ್ಲ ಎಂದೆ.